ಮಾವ ಕಟ್ಟಿದ ಹಗ್ಗ

ನಮ್ಮ ಮಾವ ಹಾಕಿದ ಗಂಟನ್ನು ಬಿಚ್ಚಬೇಕಾದರೆ ಅವರನ್ನೇ ಕರೆತರಬೇಕು ಎಂದು ಪೈಪಿನ ಗೋದಾಮಿನ ಲಾರಿಯವರೆಲ್ಲ ತಮಾಷೆ ಮಾಡುತ್ತಿದ್ದ ಕಾಲವೊಂದಿತ್ತು. ನಾನು ಸೊಸೆಯಾಗಿ ಬರುವ ಹೊತ್ತಿಗಾಗಲೇ ಅವರಿಗೆ ‘ಗಂಟಜ್ಜ’ ಎಂಬ ಹೆಸರು ಬಿದ್ದಿತ್ತು. ವಯಸ್ಸಾಯಿತು ಎಂದು ಸ್ಟೀರಿಂಗನ್ನು ಮಗನ ಕೈಗೆ ಕೊಟ್ಟರು, ಹಗ್ಗವನ್ನು ಮಾತ್ರ ಕೊಡಲಿಲ್ಲ. ಬೆಳಿಗ್ಗೆ ಮಗನ ಜೊತೆ ಲಾರಿ ಹತ್ತಿ ಗೋದಾಮಿಗೆ ಹೋಗುವುದು, ಲೋಡಾದ ಮೇಲೆ ಹಿಂದುಗಡೆಯ ಕೊನೆಯ ಗಂಟನ್ನು ತಾವೇ ಹಾಕುವುದು, ಲಾರಿ ಗೇಟು ದಾಟಿದ ಮೇಲೆ ನಡೆದುಕೊಂಡು ಮನೆಗೆ ಬರುವುದು. ಬಂದವರೇ “ಕಟ್ಟಿ ಬಂದೆ” ಎನ್ನುತ್ತಿದ್ದರು. ಅತ್ತೆ ಆಗ ಚಹಾ ಕೊಡುತ್ತಿದ್ದರು.

ಅವರ ಕೈ ನಡುಗಲು ಶುರುವಾಗಿ ಎರಡು ವರ್ಷದ ಮೇಲಾಗಿತ್ತು. ಮನೆಯಲ್ಲಿ ಯಾರೂ ಆ ಮಾತೆತ್ತುತ್ತಿರಲಿಲ್ಲ. ಅತ್ತೆ ಚಹಾ ಲೋಟವನ್ನು ಅರ್ಧಕ್ಕೆ ಮಾತ್ರ ತುಂಬುತ್ತಿದ್ದರು, ಅಷ್ಟೇ. ನಡುಗುವ ಕೈಯಲ್ಲಿ ಲಾರಿಯ ಲೋಡು ಕಟ್ಟಿಸುತ್ತಿದ್ದಿರಾ, ನಿಮಗೇನು ತಲೆ ಕೆಟ್ಟಿತ್ತಾ ಎಂದು ನೀವು ಕೇಳಬಹುದು. ಅದಕ್ಕೂ ನಮ್ಮ ಯಜಮಾನರು ದಾರಿ ಹುಡುಕಿಕೊಂಡಿದ್ದರು. ಗೋದಾಮಿನ ಗೋಡೆ ಮುಗಿದು ರಸ್ತೆ ತಿರುಗುವ ಕಡೆ, ಅಪ್ಪನ ಕಣ್ಣಿಗೆ ಬೀಳದ ಜಾಗದಲ್ಲಿ, ದಿನಾ ಲಾರಿ ನಿಲ್ಲಿಸಿ, ಇಳಿದು, ಅಪ್ಪನ ಗಂಟು ಬಿಚ್ಚಿ, ಹಗ್ಗವನ್ನು ಎಳೆದು ಬಿಗಿದು ಮತ್ತೆ ಕಟ್ಟಿಕೊಂಡು ಹೋಗುತ್ತಿದ್ದರು. ಒಂದು ಸಲ ನಾನೂ ಲಾರಿಯಲ್ಲಿದ್ದೆ, ಹಾಗಾಗಿ ಗೊತ್ತಾಯಿತು.

“ಏನ್ರೀ ಇದು? ಈಗ ತಾನೇ ಮಾವ ಕಟ್ಟಿದ್ರಲ್ಲ?”

“ಕಟ್ಟಿದ್ರು. ನೀನು ಮನೇಲಿ ಬಾಯಿ ಬಿಡ್ಬೇಡ. ಅವರಿಗೆ ಉಳಿದಿರೋದೇ ಇದೊಂದು ಕೆಲಸ.”

ಒಳ್ಳೆಯ ಮಗ ಎಂದುಕೊಂಡೆ. ಅಪ್ಪನಿಗೆ ಎದುರು ಮಾತಾಡದ ಗಂಡಸರು ಈ ಕಾಲದಲ್ಲಿ ಎಷ್ಟು ಜನ ಸಿಗುತ್ತಾರೆ?

ಆ ದಿನ ಮಾವ ತಮ್ಮ ಅಕ್ಕನನ್ನು ನೋಡಿ ಬರಬೇಕೆಂದು ಹೊರಟಿದ್ದರು. ಅಕ್ಕನ ಮನೆ ಲಾರಿ ಹೋಗುವ ದಾರಿಯಲ್ಲೇ ಇತ್ತು. ಗಂಟು ಹಾಕಿದವರೇ ಮುಂದೆ ಬಂದು ಮಗನ ಪಕ್ಕದಲ್ಲಿ ಕೂತುಬಿಟ್ಟರು. ತಿರುವು ಬಂತು. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಪ್ಪ ಈಗಷ್ಟೇ ಹಾಕಿದ ಗಂಟನ್ನು ಬಿಚ್ಚಿ ಕಟ್ಟುವುದು ಹೇಗೆ? ಇವರು ನಿಲ್ಲಿಸದೆ ಮುಂದೆ ಹೋದರು. ಸೇತುವೆಯ ಏರಿನಲ್ಲಿ ಹಗ್ಗ ಸಡಿಲಾಗಿ, ಕಬ್ಬಿಣದ ಪೈಪುಗಳು ಒಂದರ ಮೇಲೊಂದು ಹಿಂದಕ್ಕೆ ಜಾರಿದವು. ಹಿಂದೆ ಸೈಕಲ್ ತಳ್ಳಿಕೊಂಡು ಏರು ಹತ್ತುತ್ತಿದ್ದ ಮನುಷ್ಯನೊಬ್ಬ ಅವುಗಳ ಕೆಳಗೆ ಸಿಕ್ಕಿಕೊಂಡ. ಅವನು ಯಾರೋ ಅಲ್ಲ, ದಿನಾ ಬೆಳಿಗ್ಗೆ ನಮ್ಮ ಬೀದಿಗೆ ಬ್ರೆಡ್ಡು ತರುತ್ತಿದ್ದ ಬ್ರೆಡ್ಡಿನವನು.

ಪೊಲೀಸರು ಲಾರಿಯನ್ನು ಇಟ್ಟುಕೊಂಡು, ಜಾಮೀನಿನ ಮೇಲೆ ಇವರನ್ನು ಮನೆಗೆ ಬಿಟ್ಟರು. ಆವತ್ತು ಸಂಜೆ ಮಾಡಿದ ಅಡಿಗೆ ಯಾರಿಗೂ ಬೇಕಿರಲಿಲ್ಲ. ಆದರೂ ಅತ್ತೆ ಎಲ್ಲರಿಗೂ ತಟ್ಟೆ ಇಟ್ಟರು. ಆಕಾಶವೇ ಕಳಚಿ ಬಿದ್ದರೂ ಊಟದ ಹೊತ್ತಿಗೆ ತಟ್ಟೆ ಇಡುವ ಹೆಂಗಸು ಅವರು.

“ನನ್ನ ಗಂಟು ಬಿಚ್ಚೋದಿಲ್ಲ,” ಎಂದರು ಮಾವ, ಯಾರೂ ಏನೂ ಕೇಳಿರದಿದ್ದರೂ.

“ಹಗ್ಗ ಹಳೇದಾಗಿತ್ತಪ್ಪ,” ಎಂದರು ಇವರು.

“ಹಗ್ಗ ಹರಿದಿಲ್ವಲ್ಲ. ಪೊಲೀಸಿನವನು ಕೈಯಲ್ಲಿ ಹಿಡ್ಕೊಂಡಿದ್ದ, ನೋಡಿದೆ. ಹಗ್ಗ ಗಟ್ಟಿಯಾಗೇ ಇತ್ತು.”

“ಹಾಗಾದ್ರೆ ಬಿಚ್ಕೊಂಡಿದೆ ತಾನೇ ತಾತ?” ಎಂದಳು ನನ್ನ ಮಗಳು. ಈ ವರ್ಷ ಕಾಲೇಜು ಸೇರಿದ್ದಾಳೆ, ಬಾಯಿ ಮಾತ್ರ ಯಾವತ್ತೋ ಡಿಗ್ರಿ ಮುಗಿಸಿದೆ.

“ಸುಮ್ನಿರೇ,” ಎಂದು ಅತ್ತೆ ಗದರಿದರು. “ದೊಡ್ಡೋರು ಮಾತಾಡೋವಾಗ ನಿಂದೇನು ಮಧ್ಯೆ?”

ಮಾವ ನನ್ನ ಕಡೆ ತಿರುಗಿದರು. “ಆ ಮನುಷ್ಯ ಬದುಕಿದಾನೇನಮ್ಮಾ?”

“ಬದುಕಿದಾನೆ ಮಾವ. ಕಾಲು ಉಳಿಯಲ್ವಂತೆ.”

ಅವರು ತಟ್ಟೆಯಲ್ಲಿ ಕೈ ತೊಳೆದುಬಿಟ್ಟರು.

ನಾನು ಕೆಲಸ ಮಾಡುವುದು ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ. ಬ್ರೆಡ್ಡಿನವನು ಮಲಗಿದ್ದ ವಾರ್ಡಿನ ಹೊದಿಕೆ, ಹಾಸಿಗೆ ಬಟ್ಟೆಗಳೆಲ್ಲ ನನ್ನ ಮೆಷಿನ್ನಿಗೇ ಬರುತ್ತಿದ್ದವು. ರಕ್ತದ ಬಟ್ಟೆ ನನಗೇನೂ ಹೊಸದಲ್ಲ. ಆ ವಾರ ಮಾತ್ರ ಬಟ್ಟೆಯ ಪ್ರತಿ ಗಂಟನ್ನು ಬಿಚ್ಚುವಾಗಲೂ ಇದು ಅವನದೇ ಇರಬಹುದೇ ಎನ್ನಿಸುತ್ತಿತ್ತು. ಮೊಣಕಾಲಿನ ಮೇಲಕ್ಕೆ ಕಾಲು ತೆಗೆದಿದ್ದಾರೆ ಎಂದು ನರ್ಸು ಹೇಳಿದಳು. ಊಟದ ಬಿಡುವಿನಲ್ಲಿ ಧೈರ್ಯ ಮಾಡಿ ವಾರ್ಡಿಗೆ ಹೋದೆ. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ.

ಮಂಚದ ಪಕ್ಕದ ಸ್ಟೂಲಿನ ಮೇಲೆ ಅವನ ಹೆಂಡತಿ ಕೂತಿದ್ದಳು. ನಾನು ಯಾರೆಂದು ಹೇಳಲು ಹೊರಟೆ.

“ಗೊತ್ತು,” ಎಂದಳು. “ಬೀದಿ ಕೊನೇ ಮನೆಯೋರು. ದಿನಾ ಒಂದು ದೊಡ್ಡ ಬ್ರೆಡ್ಡು, ಭಾನುವಾರ ಮಗಳಿಗೆ ಸಿಹಿ ಬನ್ನು. ಇವರು ಎಲ್ಲಾ ಹೇಳ್ತಾರೆ ನಂಗೆ.”

ಬೈದಿದ್ದರೆ ವಾಸಿಯಿತ್ತು. ಬ್ರೆಡ್ಡಿನವನು ಕಣ್ಣು ಬಿಟ್ಟು ನನ್ನನ್ನು ನೋಡಿದ.

“ಅಕ್ಕ, ಪೆಟ್ಟಿಗೆ ತುಂಬಾ ಬ್ರೆಡ್ಡಿತ್ತು. ಏರಲ್ಲಿ ತುಳಿಯೋಕಾಗಲ್ಲ ಅಂತ ಇಳಿದು ತಳ್ಕೊಂಡು ಹೋಗ್ತಿದ್ದೆ. ನಿಮ್ಮ ಲಾರಿ ಅಂತ ಗುರುತು ಸಿಕ್ಕಿ, ನಿಮ್ಮ ಯಜಮಾನ್ರಿಗೆ ಕೈ ಎತ್ತೋಣ ಅಂತ ತಲೆ ಎತ್ತಿದೆ. ಪೈಪು ಬರ್ತಾ ಇತ್ತು.”

ಅವನ ಹೆಂಡತಿ ನನಗೆ ಕೂರಲು ಸ್ಟೂಲು ಬಿಟ್ಟುಕೊಟ್ಟಳು. ನಾನು ಕೂರಲಿಲ್ಲ.

ಅದಾದ ಮೇಲಿನ ವಾರ ವಿಮೆ ಕಂಪನಿಯವರು ಗೊತ್ತು ಮಾಡಿದ ವಕೀಲ ಮನೆಗೆ ಬಂದ. ತೆಳ್ಳಗೆ, ಚುರುಕಾಗಿದ್ದ. ಅತ್ತೆ ಚಹಾ ಕೊಟ್ಟಂತೆಲ್ಲ ಕುಡಿದ. ಕಾನೂನು ಏನೆಂದು ನಮಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದ, ಅಷ್ಟರಮಟ್ಟಿಗೆ ಅವನನ್ನು ಮೆಚ್ಚಬೇಕು.

“ಲೋಡು ಕಟ್ಟಿದವರು ಯಾರೇ ಆಗಿರ್ಲಿ, ಹೊರಡೋ ಮುಂಚೆ ಎಳೆದು ನೋಡಬೇಕಾದವನು ಡ್ರೈವರ್. ಬಿದ್ರೆ ಡ್ರೈವರೇ ಹೊಣೆ. ಸಡಿಲ ಇದೆ ಅಂತ ಗೊತ್ತಿದ್ದೂ ಓಡಿಸಿದ ಅಂತಾದ್ರೆ ಜೈಲು ಗ್ಯಾರಂಟಿ. ಕಂಪನಿಯವರು ಅವನಿಗೆ ಪರಿಹಾರ ಕೊಟ್ಟು ಅಷ್ಟನ್ನೂ ನಿಮ್ಮಿಂದ ವಸೂಲಿ ಮಾಡ್ತಾರೆ. ಲಾರಿ ಹೋಗುತ್ತೆ. ಸಾಲದಿದ್ರೆ ಈ ಮನೆ ಮೇಲೂ ಬರ್ತಾರೆ.”

ಅತ್ತೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ವಕೀಲ ಅವರ ಕಡೆ ನೋಡಿ ಸಣ್ಣಗೆ ನಕ್ಕ.

“ಹೆದರಬೇಡಿ ಅಮ್ಮ. ದಾರಿ ಇದೆ. ಸೈಕಲಿನವರು ಏರಲ್ಲಿ ಏನು ಮಾಡ್ತಾರೆ? ಮುಂದೆ ನಿಧಾನಕ್ಕೆ ಹೋಗೋ ಲಾರಿಯ ಹಗ್ಗದ ತುದಿ ಹಿಡ್ಕೊಂಡು ಪುಕ್ಕಟೆ ಹತ್ತುತ್ತಾರೆ. ಎಲ್ಲರೂ ನೋಡಿರೋದೇ. ಅವನೂ ಹಾಗೇ ಹಿಡ್ಕೊಂಡಿದ್ದ, ಎಳೆದ, ಗಂಟು ಬಿಚ್ತು. ತಪ್ಪು ಅವನದೇ. ಜೈಲೂ ಇಲ್ಲ, ವಸೂಲಿಯೂ ಇಲ್ಲ.”

“ಅವನು ಹಿಡ್ಕೊಂಡಿದ್ನಾ?” ಎಂದು ನನ್ನ ಮಗಳು ಕೇಳಿದಳು.

“ಹಿಡ್ಕೊಂಡಿಲ್ಲ ಅಂತ ನೋಡಿದೋರು ಯಾರೂ ಇಲ್ವಲ್ಲಮ್ಮ. ಆದ್ರೆ ಇಲ್ಲಿ ಒಬ್ರು ದೊಡ್ಡ ಸಾಕ್ಷಿ ಇದಾರೆ.” ಅವನು ಮಾವನ ಕಡೆ ಕೈ ತೋರಿಸಿದ. “ಗೋದಾಮಲ್ಲಿ ಯಾರನ್ನ ಕೇಳಿದ್ರೂ ಇವರ ಗಂಟು ತಾನಾಗಿ ಬಿಚ್ಚಲ್ಲ ಅಂತಾರೆ. ತಾನಾಗಿ ಬಿಚ್ಚಲ್ಲ ಅಂದ್ರೆ ಯಾರೋ ಎಳೆದಿರಬೇಕು. ಯಜಮಾನ್ರೇ, ನೀವು ಕೋರ್ಟಲ್ಲಿ ಅಷ್ಟು ಹೇಳಿದ್ರೆ ಸಾಕು.”

ಮಾವ ಗೋಡೆ ನೋಡುತ್ತಾ ಕೂತಿದ್ದರು. “ಹ್ಞೂಂ,” ಎಂದರು. ಆ ಹ್ಞೂಂ ವಕೀಲನಿಗೆ ಸಾಕಾಯಿತು.

ವಕೀಲ ಹೋದ ಮೇಲೆ ಹಿತ್ತಿಲಲ್ಲಿ ಬಟ್ಟೆ ಹರವುತ್ತಾ ನಾನು ಇವರನ್ನು ಹಿಡಿದುಕೊಂಡೆ.

“ರೀ, ಆ ಮನುಷ್ಯ ಸೈಕಲ್ ತಳ್ಕೊಂಡು ಬರ್ತಿದ್ದ. ನಂಗೆ ಅವನೇ ಹೇಳಿದಾನೆ. ನಿಜ ಏನು ಅಂತ ನಿಮಗೂ ಗೊತ್ತು, ನಂಗೂ ಗೊತ್ತು.”

“ಗೊತ್ತಿದ್ರೆ?”

“ಹೇಳಿಬಿಡಿ.”

“ನಾನು ಒಳಗೆ ಹೋಗ್ತೀನಿ, ಲಾರಿ ಹೋಗುತ್ತೆ. ಹಾಳಾಗಿ ಹೋಗ್ಲಿ ಅಂತಿಟ್ಕೋ. ಅಪ್ಪನಿಗೆ ಏನಂತ ಹೇಳ್ಲಿ? ಎರಡು ವರ್ಷದಿಂದ ನೀವು ಮಾಡಿದ್ದು ಕೆಲಸ ಅಲ್ಲ, ನಾನು ಆಡಿಸಿದ ಆಟ ಅಂತ ಹೇಳ್ಲಾ? ಕೋರ್ಟಲ್ಲಿ, ಗೋದಾಮಿನೋರ ಎದುರಿಗೆ?”

“ಆ ಮನುಷ್ಯಂಗೆ ಕಾಲೇ ಇಲ್ಲ ರೀ!”

“ನಾನು ಹೇಳಿದ್ರೆ ಬರುತ್ತಾ ಕಾಲು?” ಎಂದು ಒದ್ದೆ ಬಟ್ಟೆಯ ಬಕೆಟ್ಟನ್ನು ಒದ್ದು ಒಳಗೆ ಹೋದರು. ನಾನು ಬಟ್ಟೆಯನ್ನೆಲ್ಲ ಮತ್ತೆ ಜಾಲಿಸಿ ಹಾಕಿದೆ.

ಲಾರಿ ಇಲ್ಲದ ಮನೆ ಹೇಗಿರುತ್ತದೆಂದು ಆಮೇಲೆ ಗೊತ್ತಾಯಿತು. ಇವರು ಮಾರುಕಟ್ಟೆಗೆ ಹೋಗಿ ಮೂಟೆ ಹೊರತೊಡಗಿದರು. ಸ್ವಂತ ಲಾರಿ ಇದ್ದವನು ಇನ್ನೊಬ್ಬರ ಲಾರಿಗೆ ಮೂಟೆ ಎತ್ತುವಾಗ ಅಲ್ಲಿಯವರು ಸುಮ್ಮನಿರುತ್ತಾರೆಯೇ? ಸಂಜೆ ಮುಖ ಊದಿಸಿಕೊಂಡು ಬರುತ್ತಿದ್ದರು. ಮೊಟ್ಟೆ ನಿಂತಿತು, ಹಾಲು ಅರ್ಧವಾಯಿತು. ನನ್ನ ಸಂಬಳದಲ್ಲಿ ಐದು ಹೊಟ್ಟೆ ತುಂಬಬೇಕಿತ್ತು. ಅಂಗಡಿಯಿಂದ ತಂದ ಬ್ರೆಡ್ಡನ್ನು ಮಗಳು ಮುಟ್ಟುತ್ತಿರಲಿಲ್ಲ. ಮಾವ ಬೆಳಿಗ್ಗೆ ಎದ್ದು ಬಟ್ಟೆ ಹಾಕಿಕೊಂಡು, ಹೋಗಲು ಜಾಗವಿಲ್ಲದೆ ಜಗಲಿಯ ಮೇಲೆ ಕೂರುತ್ತಿದ್ದರು. ‘ಕಟ್ಟಿ ಬಂದೆ’ ಎಂಬ ಮಾತು ನಿಂತುಹೋಯಿತು. ‘ನನ್ನ ಗಂಟು ಬಿಚ್ಚೋದಿಲ್ಲ’ ಎಂಬ ಮಾತೂ ನಿಂತುಹೋಯಿತು, ಅದನ್ನು ಮಾತ್ರ ನಾವ್ಯಾರೂ ಗಮನಿಸಲಿಲ್ಲ.

ಅತ್ತೆ ಊಟದ ಹೊತ್ತಿಗೆ ಮಾವನಿಗೆ ಪಾಠ ಹೇಳಿಕೊಡುತ್ತಿದ್ದರು. ವಕೀಲ ಹಾಗೆ ಮಾಡಿ ಎಂದು ಹೇಳಿ ಹೋಗಿದ್ದ.

“ಗಂಟು ಬಿಗಿಯಾಗಿತ್ತಾ ಅಂತ ಕೇಳಿದ್ರೆ ಏನಂತೀರಿ?”

“ಬಿಗಿಯಾಗಿತ್ತು ಅಂತೀನಿ.”

“ಮತ್ತೆ ಹೇಗೆ ಬಿಚ್ತು?”

“ಯಾರೋ ಎಳೆದಿರಬೇಕು.”

“ಯಾರೋ ಅನ್ನಬೇಡಿ. ಹಿಂದೆ ಬರ್ತಿದ್ದ ಸೈಕಲಿನವನು ಅನ್ನಿ.”

ನನ್ನ ಮಗಳು ಒಂದು ದಿನ ತುತ್ತನ್ನು ತಟ್ಟೆಗೆ ಹಾಕಿ ಎದ್ದು ನಿಂತಳು. “ಅಜ್ಜಿ, ನಿಮಗೆ ನಾಚಿಕೆ ಆಗಲ್ವಾ?”

“ಯಾಕೇ ನಾಚಿಕೆ? ನಿಮ್ಮಪ್ಪ ಜೈಲಿಗೆ ಹೋಗ್ಲಾ? ನಿನ್ನ ಕಾಲೇಜಿನ ಫೀಸು ಬ್ರೆಡ್ಡಿನವನು ಕಟ್ತಾನಾ?”

“ಅವನು ಮಾಡದೇ ಇರೋ ತಪ್ಪನ್ನ ಅವನ ತಲೆಗೆ ಕಟ್ತಿದೀರಿ.”

“ಈ ವಯಸ್ಸಲ್ಲಿ ನಿಮ್ಮ ತಾತನ ಕೈ ಸರಿಯಿಲ್ಲ ಅಂತ ಊರೆಲ್ಲ ಡಂಗುರ ಹೊಡೀಲಾ? ಅದಕ್ಕಿಂತ ಅವರ ಕೈ ಕತ್ತರಿಸಿಬಿಡೋದು ವಾಸಿ!”

“ಅಲ್ಲಿ ಒಬ್ರ ಕಾಲನ್ನ ನಿಜವಾಗ್ಲೂ ಕತ್ತರಿಸಿದಾರೆ ಅಜ್ಜಿ.”

ಕೈ ಸರಿಯಿಲ್ಲ ಎಂಬ ಮಾತು ನಮ್ಮ ಮನೆಯಲ್ಲಿ ಅದೇ ಮೊದಲ ಸಲ ಬಾಯಿಂದ ಹೊರಗೆ ಬಿದ್ದದ್ದು. ಅದೂ ಅತ್ತೆಯ ಬಾಯಿಂದಲೇ. ಎಲ್ಲರೂ ಮಾವನನ್ನು ನೋಡಿದೆವು. ಅವರು ತಲೆ ಬಗ್ಗಿಸಿ ಅನ್ನ ಕಲಸುತ್ತಿದ್ದರು, ಕಲಸುತ್ತಲೇ ಇದ್ದರು. ಇವರು ಎದ್ದು ಮಗಳ ಕೆನ್ನೆಗೆ ಒಂದು ಬಾರಿಸಿದರು. ಹುಟ್ಟಿದಾಗಿನಿಂದ ಒಂದು ಏಟೂ ತಿನ್ನದ ಹುಡುಗಿ. ಅವಳು ಅಳಲಿಲ್ಲ, ಅತ್ತದ್ದು ಇವರು.

ಕೋರ್ಟಿಗೆ ಹೋಗಬೇಕಾದ ಹಿಂದಿನ ದಿನ ಬೆಳಿಗ್ಗೆ ಬೀದಿಯಲ್ಲಿ “ಬ್ರೆಡ್ಡೂ” ಎಂಬ ಕೂಗು ಕೇಳಿಸಿತು. ಹೆಂಗಸಿನ ದನಿ. ಕಿಟಕಿಯಿಂದ ನೋಡಿದರೆ ಬ್ರೆಡ್ಡಿನವನ ಹೆಂಡತಿ, ತಲೆಯ ಮೇಲೆ ಬುಟ್ಟಿ. ಸೈಕಲ್ ಪೈಪಿನಡಿ ಅಪ್ಪಚ್ಚಿಯಾಗಿತ್ತಲ್ಲ, ನಡೆದೇ ಬಂದಿದ್ದಳು. ಮನೆ ಮನೆಗೆ ಕೊಡುತ್ತಾ ಕೊನೆಯಲ್ಲಿ ನಮ್ಮ ಬಾಗಿಲಿಗೂ ಬಂದಳು.

“ಬೇಡ ಅಂತ ಹೇಳಿ ಕಳಿಸು,” ಎಂದು ಅತ್ತೆ ಒಳಗಿನಿಂದ ಪಿಸುಗುಟ್ಟಿದರು. ಅಷ್ಟರಲ್ಲಿ ಜಗಲಿಯ ಮೇಲಿದ್ದ ಮಾವ ಎದ್ದು ನಿಂತಿದ್ದರು.

ಅವಳು ಬುಟ್ಟಿ ಇಳಿಸಿದಳು. “ಯಜಮಾನ್ರೇ, ನಮ್ಮನೆಯವರು ಹಗ್ಗ ಹಿಡ್ಕೊಂಡಿದ್ರು ಅಂತ ನಾಳೆ ನೀವು ಹೇಳ್ತೀರಂತೆ.”

ಮಾವ ಬುಟ್ಟಿಯನ್ನು ನೋಡಿದರು.

“ನೀವು ನೋಡಿದ್ರಾ?”

“ನಾನು ಮುಂದೆ ಕೂತಿದ್ದೆನಮ್ಮಾ.”

“ನೋಡಿದ್ರೆ ಹೇಳಿ, ನಾನು ಬೇಡ ಅನ್ನಲ್ಲ. ನೋಡದೆ ಇದ್ರೆ ಹೇಳ್ಬೇಡಿ. ಅವರು ರಾತ್ರಿಯೆಲ್ಲಾ ಒಂದೇ ಕೇಳ್ತಾರೆ, ನಾನು ಹಗ್ಗ ಹಿಡಿದಿದ್ನಾ, ನಂಗೇ ಮರೆತುಹೋಯ್ತಾ ಅಂತ. ಎಲ್ರೂ ಹೇಳಿ ಹೇಳಿ ಅವರಿಗೇ ಅನುಮಾನ ಬಂದ್ಬಿಟ್ಟಿದೆ.”

ಅವಳು ಒಂದು ದೊಡ್ಡ ಬ್ರೆಡ್ಡನ್ನು ಜಗಲಿಯ ಮೇಲಿಟ್ಟಳು. ನಾನು ಓಡಿ ಹೋಗಿ ಕಾಸು ಕೊಟ್ಟೆ. ಅವಳು ತೆಗೆದುಕೊಂಡು, ಬುಟ್ಟಿ ಹೊತ್ತು, ಬಂದ ದಾರಿಯಲ್ಲೇ ಹೋದಳು. ಆ ಬ್ರೆಡ್ಡನ್ನು ಕತ್ತರಿಸಲು ಯಾರಿಗೂ ಕೈ ಬರಲಿಲ್ಲ.

ಕೋರ್ಟಿನ ಕೋಣೆ ನಾನು ಎಣಿಸಿದ್ದಕ್ಕಿಂತ ಸಣ್ಣದಿತ್ತು. ಗೋದಾಮಿನವರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಬ್ರೆಡ್ಡಿನವನು ಊರುಗೋಲುಗಳನ್ನು ಗೋಡೆಗೆ ಒರಗಿಸಿ, ಪ್ಯಾಂಟಿನ ಖಾಲಿ ಕಾಲನ್ನು ಮಡಿಸಿ ಪಿನ್ನು ಹಾಕಿಕೊಂಡು ಕೂತಿದ್ದ. ಇವರು ಆ ಕಡೆ ತಿರುಗಿಯೂ ನೋಡಲಿಲ್ಲ. ಮಾವನನ್ನು ಕರೆದರು. ಕಟಕಟೆಯ ಮರವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ನಿಂತರು. ಹಿಡಿದದ್ದು ನಡುಕ ಕಾಣಬಾರದೆಂದು, ಆದರೆ ಮರವೇ ಸಣ್ಣಗೆ ಅಲ್ಲಾಡುತ್ತಿತ್ತು.

ನಮ್ಮ ವಕೀಲ ಮೊದಲು ಸಲೀಸಾದ ಪ್ರಶ್ನೆಗಳನ್ನು ಕೇಳಿದ. ಎಷ್ಟು ವರ್ಷದಿಂದ ಲೋಡು ಕಟ್ಟುತ್ತಿದ್ದೀರಿ, ಜನ ನಿಮ್ಮನ್ನು ಏನೆಂದು ಕರೆಯುತ್ತಾರೆ. ಮಾವ ಉತ್ತರ ಕೊಟ್ಟರು. ‘ಗಂಟಜ್ಜ’ ಎಂದಾಗ ಹಿಂದಿನ ಬೆಂಚಿನಲ್ಲಿ ಯಾರೋ ಅಭಿಮಾನದಿಂದ ನಕ್ಕರು.

“ಹಾಗಾದರೆ ಆ ದಿನ ಗಂಟು ಹೇಗೆ ಬಿಚ್ಚಿತು? ಹಿಂದಿನಿಂದ ಸೈಕಲ್ ಸವಾರ ಎಳೆದಿರಬೇಕು, ಅಲ್ಲವೇ?”

ಮಾವ ಹಿಂದಿನ ಬೆಂಚಿನ ಕಡೆ ನೋಡಿದರು. ವಕೀಲ ಮತ್ತೆ ಕೇಳಿದ.

“ನಾನು ನೋಡಿಲ್ಲ,” ಎಂದರು.

“ನೋಡಿದಿರಿ ಅಂತ ನಾನು ಹೇಳುತ್ತಿಲ್ಲ. ನಿಮ್ಮ ಅನುಭವದಲ್ಲಿ ಹೇಳಿ.”

“ನನ್ನ ಅನುಭವದಲ್ಲಿ ಹೇಳ್ಬೇಕಂದ್ರೆ, ಆ ಗಂಟು ಸಡಿಲ ಇತ್ತು. ಎರಡು ವರ್ಷದಿಂದ ನನ್ನ ಗಂಟು ಸಡಿಲಾನೇ ಸ್ವಾಮಿ.”

ವಕೀಲ ಕಾಗದ ತಿರುವಿಹಾಕುವುದನ್ನು ನಿಲ್ಲಿಸಿದ. ಇವರು ಎದ್ದು ನಿಂತರು. “ಅಪ್ಪಾ!” ಎಂದರು. ಯಾರೋ ಭುಜ ಒತ್ತಿ ಕೂರಿಸಿದರು. ನ್ಯಾಯಾಧೀಶರು ಮುಂದಕ್ಕೆ ಬಾಗಿ, ಏನು ಹೇಳಬೇಕೆಂದಿದ್ದೀರೋ ಹೇಳಿ ಎಂದರು.

“ನಾನು ಕಟ್ಟಿದ ಮೇಲೆ ನನ್ನ ಮಗ ದಿನಾ ತಿರುವಿನಾಚೆ ಲಾರಿ ನಿಲ್ಲಿಸಿ ನನ್ನ ಗಂಟು ಬಿಚ್ಚಿ ತಾನು ಕಟ್ತಿದ್ದ. ನಂಗೆ ಗೊತ್ತಿಲ್ಲ ಅಂತ ಅವನು ತಿಳ್ಕೊಂಡಿದಾನೆ. ಮೊದಲನೇ ವಾರನೇ ಅಲ್ಲಿ ಚಹಾ ಅಂಗಡಿಯವನು ಹಲ್ಲು ಕಿಸೀತಾ ನಂಗೆ ಹೇಳಿದ್ದ.”

ಇವರ ಮುಖವನ್ನು ನೋಡಲಾಗಲಿಲ್ಲ. ಪಕ್ಕದಲ್ಲಿ ಅತ್ತೆ ನನ್ನ ಮುಂಗೈಯನ್ನು ಉಗುರು ನೆಡುವ ಹಾಗೆ ಹಿಡಿದುಕೊಂಡಿದ್ದರು.

“ಗೊತ್ತಿದ್ದೂ ಯಾಕೆ ಕಟ್ಟುತ್ತಿದ್ದಿರಿ?” ಎಂದು ನ್ಯಾಯಾಧೀಶರು ಕೇಳಿದರು.

“ಅವನು ನನ್ನ ಮಾನ ಉಳಿಸೋಕೆ ಕದ್ದುಮುಚ್ಚಿ ಮಾಡ್ತಿದ್ದ. ನಾನು ಗೊತ್ತಿಲ್ಲದವನ ಹಾಗೆ ಇದ್ಬಿಟ್ಟೆ. ಮನೆಗೆ ಹೋಗಿ ಕಟ್ಟಿ ಬಂದೆ ಅಂತಿದ್ದೆ, ಇವಳು ಚಹಾ ಕೊಡ್ತಿದ್ಲು. ಹಾಗೇ ನಡ್ಕೊಂಡು ಹೋಯ್ತು.”

“ಆ ದಿನ?”

“ಆ ದಿನ ನಾನು ಪಕ್ಕದಲ್ಲೇ ಕೂತಿದ್ದೆ. ತಿರುವು ಬಂತು. ಅವನ ಕಾಲು ಬ್ರೇಕಿನ ಮೇಲೆ ಹೋಯ್ತು, ವಾಪಸ್ ಬಂತು. ನಾನು ನೋಡಿದೆ. ನಿಲ್ಸೋ ಮಗಾ, ಇಳಿದು ಬಿಗಿ ಮಾಡ್ಕೊಂಡು ಬಾ ಅಂದಿದ್ರೆ ಮುಗೀತಿತ್ತು.” ಅವರು ಬ್ರೆಡ್ಡಿನವನ ಕಡೆ ನೋಡಿದರು. “ಅನ್ನಲಿಲ್ಲಪ್ಪ. ಇವತ್ತೊಂದಿನ ನನ್ನ ಗಂಟೇ ಇರ್ಲಿ ಅಂತ ಆಸೆ ಆಯ್ತು.”

ಬ್ರೆಡ್ಡಿನವನು ಹೆಂಡತಿಯ ಕಡೆ ತಿರುಗಿ, “ನಾನು ಹಿಡ್ಕೊಂಡಿರ್ಲಿಲ್ಲ, ಅಲ್ವಾ?” ಎಂದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಮಕ್ಕಳ ಹಾಗೆ ಜೋರಾಗಿ ಅತ್ತ. ಕಾಲು ಹೋದಾಗಲೂ ಅವನು ಹೀಗೆ ಅತ್ತಿರಲಿಲ್ಲ ಎಂದು ಅವನ ಹೆಂಡತಿ ಆಮೇಲೆ ನನಗೆ ಹೇಳಿದಳು.

ಆಮೇಲೆ ಇವರನ್ನು ಕೇಳಿದಾಗ ಇವರೂ ಎಲ್ಲವನ್ನೂ ಒಪ್ಪಿಕೊಂಡರು. ಮುಚ್ಚಿಡಲು ಇನ್ನೇನು ಉಳಿದಿತ್ತು? ಬ್ರೆಡ್ಡಿನವನದು ಎಳ್ಳಷ್ಟೂ ತಪ್ಪಿಲ್ಲ, ಪೂರ್ತಿ ಪರಿಹಾರ ಸಿಗಬೇಕು ಎಂದು ತೀರ್ಪಾಯಿತು. ಸಡಿಲವೆಂದು ಗೊತ್ತಿದ್ದೂ ಓಡಿಸಿದ್ದಕ್ಕೆ ಇವರಿಗೆ ಆರು ತಿಂಗಳು ಜೈಲು, ಲೈಸೆನ್ಸು ರದ್ದು. ಮಾವ ಕಟಕಟೆಯ ಹತ್ತಿರ ಹೋಗಿ, “ಕಟ್ಟಿದವನು ನಾನು ಸ್ವಾಮಿ, ನನ್ನನ್ನ ಹಾಕಿ” ಎಂದು ಅಂಗಲಾಚಿದರು. ಕಾನೂನು ಕೇಳುವುದು ಕಟ್ಟಿದವನನ್ನಲ್ಲ, ಓಡಿಸಿದವನನ್ನು ಎಂದು ನ್ಯಾಯಾಧೀಶರು ಮೆತ್ತಗೇ ಹೇಳಿದರು. ನಮ್ಮ ವಕೀಲ ನಮಗೊಂದು ಮಾತೂ ಹೇಳದೆ ಕೋಟು ಕೊಡವಿಕೊಂಡು ಹೊರಟುಹೋದ.

ಪೊಲೀಸರು ಕರೆದೊಯ್ಯುವ ಮುಂಚೆ ವರಾಂಡದಲ್ಲಿ ಅಪ್ಪ ಮಗ ಎದುರಾದರು.

“ಗೊತ್ತಿದ್ದೂ ಯಾಕಪ್ಪಾ ನಂಗೆ ಹೇಳಲಿಲ್ಲ?” ಎಂದರು ಇವರು.

“ನೀನ್ಯಾಕೋ ಹೇಳಲಿಲ್ಲ?” ಎಂದರು ಮಾವ.

ಇಬ್ಬರೂ ಭಾರೀ ಮರ್ಯಾದಸ್ಥರು. ನನಗೆ ಇಬ್ಬರನ್ನೂ ಹಿಡಿದು ಅಲ್ಲಾಡಿಸಬೇಕೆನ್ನಿಸಿತು. ಮಗಳು ಹೋಗಿ ಅಪ್ಪನನ್ನು ತಬ್ಬಿಕೊಂಡಳು.

ಲಾರಿಯನ್ನು ಕಂಪನಿಯವರು ತೆಗೆದುಕೊಂಡರು. ಉಳಿದದ್ದಕ್ಕೆ ಮನೆಯ ಮೇಲೆ ನೋಟೀಸು ಬಂದಿದೆ. ಮಗಳು ಕಾಲೇಜು ಮುಗಿಸಿ ಸಂಜೆ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅತ್ತೆ ನನ್ನೊಂದಿಗೆ ಮಾತು ಕಡಿಮೆ ಮಾಡಿದ್ದಾರೆ, ಎಲ್ಲದಕ್ಕೂ ನಾನೇ ಕಾರಣವೆಂಬ ಹಾಗೆ. ಇರಲಿ, ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಬೇಕಲ್ಲ.

ಜೈಲಿನಲ್ಲಿ ಮೊದಲ ಭೇಟಿಗೆ ಅವಕಾಶ ಕೊಟ್ಟ ದಿನ ಬೇಗ ಹೊರಡಬೇಕಿತ್ತು. ಅತ್ತೆ ಮಗನಿಗೆಂದು ಡಬ್ಬಿ ಕಟ್ಟುತ್ತಿದ್ದರು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದರೆ, ಮಾವ ಒಗೆದ ಬಿಳಿ ಶರ್ಟು ತೊಟ್ಟು ಬಾಗಿಲಲ್ಲಿ ನಿಂತಿದ್ದಾರೆ, ಕುತ್ತಿಗೆಯ ಗುಂಡಿಯ ಜೊತೆ ಹೆಣಗುತ್ತಿದ್ದಾರೆ. ಗುಂಡಿ ಕಾಜಿನ ಹತ್ತಿರ ಹೋಗುತ್ತದೆ, ತಪ್ಪುತ್ತದೆ. ಬಸ್ಸಿಗೆ ಹೊತ್ತಾಗುತ್ತಿತ್ತು. ನಾನು ಎಂದಿನ ಹಾಗೆ ಬೇರೆ ಕಡೆ ಮುಖ ಮಾಡಿ ನಿಂತೆ. ಈ ಮನೆಯಲ್ಲಿ ನಾವೆಲ್ಲ ಕಲಿತದ್ದೇ ಅದು.

“ಅಮ್ಮಾ,” ಎಂದರು. “ಇದನ್ನ ಸ್ವಲ್ಪ ಹಾಕಿಕೊಡ್ತೀಯಾ? ನನ್ನ ಕೈಲಿ ಆಗ್ತಿಲ್ಲ.”

ನಾನು ಈ ಮನೆಗೆ ಬಂದಾಗಿನಿಂದ ಆ ಬಾಯಿಂದ ಆ ಮಾತು ಕೇಳಿರಲಿಲ್ಲ. ಸಿಟ್ಟು ನೆತ್ತಿಗೇರಿತು, ಅಳುವೂ ಒತ್ತರಿಸಿ ಬಂತು.

“ಈ ಮಾತನ್ನ ಆ ದಿನ ಗೋದಾಮಲ್ಲಿ ಆಡಬಾರದಿತ್ತಾ ಮಾವ?”

“ಆಡ್ಬೇಕಿತ್ತು.”

ಕುತ್ತಿಗೆಯಿಂದ ಕೆಳಗಿನವರೆಗೆ ಒಂದೊಂದೇ ಗುಂಡಿ ಹಾಕಿದೆ. ಅವರು ಗಲ್ಲ ಮೇಲೆತ್ತಿಕೊಂಡು ಸುಮ್ಮನೆ ನಿಂತು ಹಾಕಿಸಿಕೊಂಡರು.